ಈ ನಲವತ್ತೆಂಟು ಅವಳದು

ಜೂನ್ ೨೫, ನಮ್ಮ ಲೆಕ್ಕಕ್ಕೆ ಆರನೇ ತಿಂಗಳ ಪಾಡ್ಯ
ಮಾಝು ಅಮ್ಮನ ಗುಡಿ, ಕಚೇರಿ ಕೋಣೆ

ಗೆಳತಿ ಆ-ಲಿಯೆನ್,

ಲಕೋಟೆ ಒಡೆದ ಕೂಡಲೇ ಶಾಲೆಯ ಕೆಂಪು ಮುದ್ರೆ ಇರುವ ಹಾಳೆಯೊಂದು ನಿನ್ನ ಕೈಗೆ ಬಂದಿರುತ್ತದೆ. ಅದನ್ನು ಪಕ್ಕಕ್ಕಿಡು, ಹರಿಯಬೇಡ. ಮೊದಲು ಈ ಪತ್ರ ಓದು. ನಡುವೆ ಸಿಟ್ಟು ಬಂದರೆ ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದು. ನಿನ್ನ ಸಿಟ್ಟು ನನಗೆ ಗೊತ್ತು. ಹನ್ನೊಂದು ವರ್ಷ ಒಂದೇ ಶೆಡ್ಡಿನಲ್ಲಿ ಗಿಡ್ಡ ಸ್ಟೂಲುಗಳ ಮೇಲೆ ಕೂತು ಸಿಂಪಿ ಬಿಡಿಸಿದವರು ನಾವು. ನಿನ್ನ ಚಾಕುವಿನ ಸದ್ದು ಕೇಳಿಯೇ ಆ ದಿನ ನಿನ್ನ ಮನೆಯಲ್ಲಿ ಏನು ನಡೆದಿದೆ ಎಂದು ಹೇಳುತ್ತಿದ್ದೆ.

ಸುದ್ದಿ ಇಷ್ಟು. ನಿನ್ನ ಮಗಳು ಪೇಶಾನ್ ಹೈಸ್ಕೂಲು ಪಾಸಾಗಿಲ್ಲ. ಇತಿಹಾಸ ಒಂದರಲ್ಲಿ, ಒಂದೇ ಒಂದು ಪ್ರಶ್ನೆಯಿಂದ ಹೋಯಿತು.

ಈ ತಿಂಗಳ ಮೊದಲ ವಾರ ನಾನು ನಿನಗೆ ಕಳಿಸಿದ ಫೋಟೋದಲ್ಲಿ ಅವಳು ವೇದಿಕೆಯ ಮೇಲೆ ಕೆಂಪು ಕವರು ಹಿಡಿದು ನಿಂತಿದ್ದಳಲ್ಲ, ನೀನು ಅದನ್ನು ತೈಚುಂಗ್‌ನ ಆ ಹೋಟೆಲಿನ ಅಡುಗೆಮನೆಯಲ್ಲಿ ಎಲ್ಲರಿಗೂ ತೋರಿಸಿದೆಯಲ್ಲ, ಆ ಕವರಿನೊಳಗೆ ಪ್ರಮಾಣಪತ್ರ ಇರಲಿಲ್ಲ. ಖಾಲಿ ಬಿಳಿ ಹಾಳೆ ಇತ್ತು. ಮರುಪರೀಕ್ಷೆ ಬಾಕಿ ಇರುವ ಮಕ್ಕಳಿಗೂ ಸಮಾರಂಭದಲ್ಲಿ ನಾಚಿಕೆಯಾಗದಿರಲಿ ಎಂದು ಶಾಲೆಯವರು ಹಾಗೆ ಕೊಡುತ್ತಾರೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಫೋಟೋ ಕಳಿಸಿದೆ, ಕೆಳಗೆ ಏನೂ ಬರೆಯಲಿಲ್ಲ. ನೀನು "ಕೊನೆಗೂ!" ಎಂದು ಬರೆದು ಕಳಿಸಿದಾಗಲೂ ನಾನು ಸುಮ್ಮನಿದ್ದೆ. ಮರುಪರೀಕ್ಷೆಯಲ್ಲಿ ಹೇಗೂ ಆಗಿಬಿಡುತ್ತದೆ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆಗಲಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಫೋನು ಎತ್ತುವುದು ಎರಡು ಪಾಳಿಗಳ ನಡುವೆ, ಪಾತ್ರೆಗಳ ಗದ್ದಲದಲ್ಲಿ. ನಾನು ಅರ್ಧ ಹೇಳುವುದರೊಳಗೆ ನೀನು "ಸಾಕು, ಕಳಿಸು ಅವಳನ್ನ ಇಲ್ಲಿಗೆ, ನನ್ನ ಜೊತೆ ತಟ್ಟೆ ತೊಳೀಲಿ" ಎನ್ನುತ್ತಿದ್ದೆ. ಚೀನೀ ಹೊಸ ವರ್ಷಕ್ಕೆ ಬಂದಾಗಲೇ ಹೇಳಿದ್ದೆಯಲ್ಲ, ಈ ಸಲ ಆಗದಿದ್ದರೆ ಮುಗೀತು ಅಂತ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಆ ಮುದ್ರೆಯ ಹಾಳೆ ಬೇಸಿಗೆ ತರಗತಿಯ ಅರ್ಜಿ. ಇತಿಹಾಸವನ್ನು ಮತ್ತೊಮ್ಮೆ ಕೂತು ಕಲಿತು ಆಗಸ್ಟ್ ನಡುವೆ ಪರೀಕ್ಷೆ ಬರೆಯಬಹುದು. ಅವಳಿಗೆ ಹದಿನೆಂಟು ತುಂಬಲು ಇನ್ನೂ ಎರಡು ತಿಂಗಳಿದೆ, ಹಾಗಾಗಿ ನಿನ್ನ ಸಹಿ ಬೇಕು. ಜುಲೈ ನಾಲ್ಕರೊಳಗೆ ಶಾಲೆಗೆ ತಲುಪಬೇಕು. ತಲುಪದಿದ್ದರೆ ಮೂರು ವರ್ಷ ಬಂದು ಕೂತಿದ್ದಳು ಎಂಬ ಕಾಗದ ಮಾತ್ರ ಅವಳಿಗೆ ಸಿಗುತ್ತದೆ. ಅವಳು ತರಬೇತಿಗೆ ಹೋಗುತ್ತಿದ್ದ ವೃದ್ಧಾಶ್ರಮದ ಅಡುಗೆಮನೆಯವರು ಅವಳ ಜಾಗವನ್ನು ಸೆಪ್ಟೆಂಬರ್‌ತನಕ ಹಿಡಿದಿಟ್ಟಿದ್ದಾರೆ. ಬಂದು ಕೂತಿದ್ದ ಕಾಗದಕ್ಕೆ ಅವರು ಕೆಲಸ ಕೊಡುವುದಿಲ್ಲ, ನಾನೇ ಹೋಗಿ ಕೇಳಿ ಬಂದೆ.

ಈಗ ನಿಜವಾದ ವಿಷಯ. ಅವಳು ನಪಾಸಾಗಿದ್ದು ನನ್ನಿಂದ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ಪೂರ್ತಿ ಓದು.

ನನ್ನ ಬೆರಳಿನ ಗಂಟುಗಳು ಊದಿ ಸಿಂಪಿ ಚಾಕು ಹಿಡಿಯಲಾಗದೆ ನಾನು ಶಾಲೆಯ ಸಹಾಯಕಿ ಕೆಲಸಕ್ಕೆ ಸೇರಿದಾಗ ನೀನು ಎಷ್ಟು ನಕ್ಕಿದ್ದೆ. "ಹಳ್ಳಿ ಶಾಲೇಲಿ ಒಂಬತ್ತನೇ ಕ್ಲಾಸು ಮುಗಿಸಿದೋಳು ಹೈಸ್ಕೂಲಿಗೆ ಹೊರಟ್ಳು ನೋಡ್ರೋ" ಎಂದು ಶೆಡ್ಡಿನವರನ್ನೆಲ್ಲ ಕರೆದು ಹೇಳಿದ್ದೆ. ಗಾಲಿಕುರ್ಚಿ ತಳ್ಳುವುದು, ಮಕ್ಕಳನ್ನು ಶೌಚಕ್ಕೆ ಕರೆದೊಯ್ಯುವುದು, ತರಗತಿಯಲ್ಲಿ ಪಕ್ಕ ಕೂತು ಯಾವ ಪುಟ ಎಂದು ತೋರಿಸುವುದು, ಇಷ್ಟೇ ಎಂದುಕೊಂಡು ಹೋದೆ. ಮೊದಲ ವಾರವೇ, ಈ ಮಕ್ಕಳ ಹೊಣೆ ಹೊತ್ತ ಫಾಂಗ್ ಟೀಚರ್ ನನ್ನ ದನಿ ಕೇಳಿ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳುವ ಕೆಲಸವನ್ನೂ ಕೊಟ್ಟರು. ಅಕ್ಷರ ಹಿಡಿಯಲಾಗದ ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ ಪ್ರಶ್ನೆಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕು, ಅವರು ಕೇಳಿ ಗುರುತು ಹಾಕಬೇಕು. ನಿಯಮಗಳನ್ನು ಟೀಚರ್ ಮೂರು ಸಲ ಹೇಳಿಸಿದರು. ಪ್ರತಿ ಪ್ರಶ್ನೆಯನ್ನೂ ಅದರ ಕೆಳಗಿನ ನಾಲ್ಕು ಉತ್ತರಗಳನ್ನೂ ಎರಡು ಬಾರಿ ಓದಬೇಕು, ಯಾವ ಪದಕ್ಕೂ ಒತ್ತು ಕೊಡಬಾರದು, ಮಗುವಿನ ಮುಖ ನೋಡಬಾರದು, ಉತ್ತರದ ಹಾಳೆಯನ್ನಂತೂ ನೋಡಲೇಬಾರದು. "ಔಷಧಿ ಡಬ್ಬಿ ಮೇಲಿರೋದನ್ನ ಓದಿದ ಹಂಗೆ ಓದಿ ಅಕ್ಕ. ನಿಮಗೆ ಅದರಲ್ಲಿ ಏನೂ ಆಸಕ್ತಿ ಇಲ್ಲ ಅನ್ನೋ ಹಂಗೆ," ಎಂದರು. ನನಗೆ ಅದು ಕಷ್ಟವೇ ಆಗಲಿಲ್ಲ. ಏನು ಓದುತ್ತಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಪೇಶಾನ್ ಆ ಕೋಣೆಗೆ ಬಂದಳು. ನಿನ್ನ ಮಗಳೆಂದು ನಾನು ಯಾರಿಗೂ ವಿಶೇಷ ಹೇಳಲಿಲ್ಲ, ಆದರೆ ಅಡುಗೆ ವಿಭಾಗದ ಪಾಠಗಳಿಗೆಲ್ಲ ಅವಳ ಪಕ್ಕದ ಕುರ್ಚಿ ನನಗೇ ಸಿಗುವ ಹಾಗೆ ನೋಡಿಕೊಂಡೆ. ಒಲೆಯ ಮುಂದೆ ಅವಳನ್ನು ಮೀರಿಸುವವರಿರಲಿಲ್ಲ. ಪುಸ್ತಕ ತೆಗೆದರೆ ಅಕ್ಷರದ ಗೆರೆಗಳು ಎದ್ದು ಬೇರೆ ಕಡೆ ಹೋಗಿ ಕೂರುತ್ತವೆ ಎನ್ನುತ್ತಿದ್ದಳು. ಮೊದಲ ವರ್ಷ ಅವಳ ಅಂಕಗಳು ನಿನಗೆ ನೆನಪಿವೆ. ಇಪ್ಪತ್ತೆರಡು, ಹದಿನೆಂಟು, ಇಪ್ಪತ್ತಾರು. ನೀನು ಬಸ್ಸಿನಿಂದ ಇಳಿದವಳೇ ಅವಳಿಗೆ "ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಬೆಂಚು ಬಿಸಿ ಮಾಡ್ತೀಯಾ ಸೋಮಾರಿ" ಎಂದು ಬೈದದ್ದೂ ನೆನಪಿದೆ.

ಎರಡನೇ ವರ್ಷ ಅಂಕ ಏರತೊಡಗಿತು. ನಲವತ್ತು, ಐವತ್ತೈದು, ಅರವತ್ತೆಂಟು, ಎಪ್ಪತ್ತೆರಡು. ಶಾಲೆಯವರು ನನಗೆ ಗಾಜಿನ ಕಟ್ಟು ಹಾಕಿದ ಪ್ರಶಸ್ತಿಪತ್ರ ಕೊಟ್ಟರು. ನೀನು ರಜೆ ಹಾಕಿ ಬಂದು, ಗುಡಿಯಲ್ಲಿ ಮಾಝು ಅಮ್ಮನ ಮುಂದೆ ಮಂಡಿಯೂರಿ, ಪಕ್ಕದಲ್ಲಿ ನಿಂತಿದ್ದ ಮಗಳ ಕೈ ಹಿಡಿದು "ಇಷ್ಟು ವರ್ಷ ನಿನ್ನ ಸೋಮಾರಿ ಅಂದೆ, ತಪ್ಪಾಯ್ತು" ಎಂದು ಅತ್ತೆ. ನಾನೂ ಅತ್ತೆ. ನನ್ನ ಅಳುವಿನಲ್ಲಿ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಈ ಏಪ್ರಿಲ್‌ನಲ್ಲಿ ಅಮ್ಮನ ಹುಟ್ಟುಹಬ್ಬಕ್ಕೆ ನಮ್ಮ ಪಠಣ ಮೇಳ ಮೂರು ದಿನ ಕೂತಿತು. ಮೇಳದಲ್ಲಿ ಮುಂದಿನ ಮಣೆ ನನ್ನದೆಂದು ನಿನಗೆ ಗೊತ್ತು. ಮೂರನೇ ದಿನ ನನ್ನ ಗಂಟಲು ಪೂರ್ತಿ ಕಟ್ಟಿಹೋಯಿತು. ಅದರ ಮರುವಾರ ಮಧ್ಯಾವಧಿ ಪರೀಕ್ಷೆ. ನನ್ನ ಬದಲಿಗೆ ವೇಯ್ ಮೇಷ್ಟ್ರು ಓದಿದರು. ಹೊಸಬರು, ಚಿಕ್ಕ ವಯಸ್ಸು, ನಿಯಮದಿಂದ ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗುವವರಲ್ಲ. ಪೇಶಾನ್‌ಗೆ ಇತಿಹಾಸದಲ್ಲಿ ಇಪ್ಪತ್ತನಾಲ್ಕು ಬಂತು, ಭಾಷೆಯಲ್ಲಿ ಇಪ್ಪತ್ತೆಂಟು.

ಶಾಲೆಯಲ್ಲಿ ಎಲ್ಲರೂ ಪಾಪ, ಹೊಸ ದನಿ, ಹುಡುಗಿ ಹೆದರಿದ್ದಾಳೆ ಎಂದರು. ನಾನೂ ಹಾಗೇ ನಂಬಿದೆ. ನಂಬಿದ್ದಷ್ಟೇ ಅಲ್ಲ, ಒಳಗೊಳಗೆ ಖುಷಿಪಟ್ಟೆ. ನಾನಿಲ್ಲದಿದ್ದರೆ ಆಗುವುದಿಲ್ಲ ಎಂಬ ಖುಷಿ. ಅಮ್ಮ ಕ್ಷಮಿಸಲಿ.

ಆ ಸಂಜೆ ನಾವಿಬ್ಬರೂ ಬಸ್ಸಿಗೆ ಕಾಯುತ್ತ ಕೂತಿದ್ದಾಗ, ವೇಯ್ ಮೇಷ್ಟ್ರು ಅಷ್ಟು ಕೆಟ್ಟದಾಗಿ ಓದಿದರಾ ಎಂದು ಕೇಳಿದೆ. ಅವಳು ಉಪ್ಪು ಮೂಲಂಗಿಯ ದೋಸೆ ತಿನ್ನುತ್ತಿದ್ದಳು. ಬಾಯಿ ತುಂಬಿಕೊಂಡೇ "ಚೆನ್ನಾಗೇ ಓದಿದ್ರು. ಆದ್ರೆ ಎಲ್ಲೂ ನಿಲ್ಲೋದೇ ಇಲ್ಲ ಚಿಕ್ಕಮ್ಮ. ರೈಲು ಸ್ಟೇಷನ್ನಲ್ಲಿ ಹೇಳ್ತಾರಲ್ಲ, ಹಂಗೆ" ಎಂದಳು.

ನಿಲ್ಲುವುದು ಅಂದರೆ ಏನೇ ಎಂದೆ.

"ನೀವು ನಿಲ್ತೀರಲ್ಲ. ಸರಿ ಉತ್ತರ ಓದೋಕೆ ಮುಂಚೆ. ಗುಡೀಲಿ ಅಮ್ಮನ ಹೆಸರು ಹೇಳೋಕೆ ಮುಂಚೆ ಉಸಿರು ಎಳ್ಕೋತೀರಲ್ಲ, ಅದೇ ಉಸಿರು."

ಆ-ಲಿಯೆನ್, ನೀನೂ ಮೇಳದ ಹಿಂದೆ ಎಷ್ಟೋ ಸಲ ಕೂತಿದ್ದೀಯ. ಹೆಸರು ಬರುವ ಮುಂಚೆ ಮುಂದಿನ ಮಣೆಯವಳು ಚಿಕ್ಕದೊಂದು ಉಸಿರು ಎಳೆಯಬೇಕು. ಕಣ್ಣು ಮುಚ್ಚಿ ಕೂತ ಮೂವತ್ತು ಹೆಂಗಸರು ಅದನ್ನು ಕೇಳಿ ಒಟ್ಟಿಗೆ ತಲೆ ಬಾಗಿಸುತ್ತಾರೆ. ಇಪ್ಪತ್ತು ವರ್ಷದ ಅಭ್ಯಾಸ. ಅದು ನನ್ನ ಗಂಟಲಿನಲ್ಲಿ ಮನೆ ಮಾಡಿಕೊಂಡಿದೆ. ಯಾವುದು ಸರಿಯೋ ಅದರ ಮುಂದೆ ನನ್ನ ಉಸಿರು ತಾನೇ ನಿಲ್ಲುತ್ತಿತ್ತು. ನನಗೆ ತಿಳಿಯದ ಹಾಗೆ.

ಯಾವಾಗಿನಿಂದ ಎಂದು ಕೇಳಿದೆ. ಎರಡನೇ ವರ್ಷದಿಂದ ಎಂದಳು. "ನೀವು ಬೇಕಂತಲೇ ಮಾಡ್ತಿದ್ದೀರ ಅಂದ್ಕೊಂಡಿದ್ದೆ. ಇದೇ ನಮ್ಮಂಥವರಿಗೆ ಮಾಡೋ ಸಹಾಯ ಅಂತ. ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲಪ್ಪ, ನಿಮ್ಮ ಕೆಲಸ ಹೋಗಿಬಿಟ್ರೆ ಅಂತ." ಅಂದರೆ ಒಂದೂವರೆ ವರ್ಷ ಈ ಮಗು ನನ್ನನ್ನು ಕಾಪಾಡುತ್ತಿತ್ತು, ನಾನು ಅವಳನ್ನು ಕಾಪಾಡುತ್ತಿದ್ದೇನೆಂದು ಗಾಜಿನ ಕಟ್ಟು ಹಾಕಿದ ಪ್ರಶಸ್ತಿಪತ್ರ ಗೋಡೆಗೆ ಹೊಡೆಸಿಕೊಂಡಿದ್ದೆ.

ಬಸ್ಸಿನಲ್ಲಿ ಕೂತ ಮೇಲೆ ಇನ್ನೊಂದು ಹೊಳೆಯಿತು. ಮೊದಲ ವರ್ಷ ಏಕೆ ಉಸಿರು ನಿಲ್ಲಲಿಲ್ಲ? ಏಕೆಂದರೆ ಆಗ ಉತ್ತರ ನನಗೇ ಗೊತ್ತಿರಲಿಲ್ಲ. ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಕೂತು, ಪುಟ ತೋರಿಸಿ ತೋರಿಸಿ, ಹೈಸ್ಕೂಲು ಕಲಿತದ್ದು ನಾನು. ಐವತ್ತನೇ ವಯಸ್ಸಿನಲ್ಲಿ. ಏರಿದ ಅಂಕಗಳು ನನ್ನವು. ಆ ಎಪ್ಪತ್ತೆರಡು ನನ್ನದು, ಆ-ಲಿಯೆನ್. ನೀನು ಮಂಡಿಯೂರಿ ಅತ್ತದ್ದು ನನ್ನ ಅಂಕಕ್ಕೆ.

ಮರುದಿನ ಫಾಂಗ್ ಟೀಚರ್‌ಗೆ ಎಲ್ಲವನ್ನೂ ಹೇಳಿದೆ. ಅವರ ಮೇಜಿನ ಮೇಲೆ ಮೂವತ್ತೆಂಟು ಮಕ್ಕಳ ಕಡತಗಳಿದ್ದವು, ಪಕ್ಕದಲ್ಲಿ ಹಿಂದಿನ ದಿನದ ತಣ್ಣನೆಯ ಊಟದ ಡಬ್ಬಿ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಹ್ವಾ ಅಕ್ಕ, ನಾನು ಇದನ್ನ ಕೇಳಿಸ್ಕೊಂಡಿಲ್ಲ," ಎಂದರು ಆಮೇಲೆ. "ಎಪ್ಪತ್ತು ಮುದುಕರಿಗೆ ಊಟ ಬಡಿಸಿ, ಯಾರು ತಿಂದಿಲ್ಲ ಅಂತ ತಟ್ಟೆ ನೋಡಿ ಹೇಳೋ ಹುಡುಗಿ ಅವಳು. ಯಾವ ರಾಜ ಯಾವಾಗ ಸತ್ತ ಅಂತ ಗೊತ್ತಿಲ್ಲ ಅಂದ್ಬಿಟ್ಟು ಅವಳ ಕಾಗದ ಕಿತ್ಕೋಬೇಕಾ? ಉಸಿರಿಗೆ ಯಾರು ಲೆಕ್ಕ ಕೇಳ್ತಾರೆ? ಹೋಗಿ, ಯಾವಾಗಿನ ಹಂಗೆ ಓದಿ. ನನಗೆ ತುಂಬಾ ಸುಸ್ತಾಗಿದೆ."

ನನಗೂ ಸುಸ್ತಾಗಿತ್ತು. ಟೀಚರ್ ಹೇಳಿದ್ದು ತಪ್ಪೆಂದು ಹೇಳುವ ಧೈರ್ಯ ನನಗೆ ಈಗಲೂ ಇಲ್ಲ.

ಗುಡಿಗೆ ಹೋಗಿ ಅಪ್ಪಣೆ ಕೇಳುವ ಮರದ ಅರ್ಧಚಂದ್ರಗಳನ್ನು ಎಸೆದು ಅಮ್ಮನನ್ನೇ ಕೇಳಿದೆ. ಮೂರು ಸಲವೂ ಎರಡೂ ಚಪ್ಪಟೆ ಮುಖ ಮೇಲಾಗಿ ಬಿದ್ದವು. ಅಮ್ಮ ನಕ್ಕಳು, ಅಷ್ಟೇ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ಪೇಶಾನ್. ಅವಳ ಅಜ್ಜಿಯ ಅಡುಗೆಮನೆಯಲ್ಲಿ ಗೆಣಸಿನ ಸೊಪ್ಪು ಬಿಡಿಸುತ್ತ, ಆ ಅಂಕಗಳೆಲ್ಲ ನನ್ನ ಉಸಿರಿನಿಂದ ಬಂದವು ಎಂದು ಅವಳಿಗೆ ನೇರವಾಗಿ ಹೇಳಿದೆ. ಅವಳ ಕೈ ನಿಂತಿತು. "ಹಂಗಾದ್ರೆ ನಂಗೆಷ್ಟು ಬರುತ್ತೆ?" ಎಂದಳು. ಗೊತ್ತಿಲ್ಲ ಎಂದೆ. "ಇಪ್ಪತ್ತನಾಲ್ಕೇನಾ? ನೋಡ್ಬೇಕಲ್ಲ ಮತ್ತೆ. ನಿಲ್ಲದೆ ಓದಿ."

ನಿಲ್ಲದೆ ಓದುವುದು ಎಷ್ಟು ಕಷ್ಟವೆಂದು ನಿನಗೆ ಹೇಗೆ ಹೇಳಲಿ. ಮೊದಲು ಮಾಸ್ಕ್ ಹಾಕಿಕೊಂಡು ಓದಿದೆ. "ಬಟ್ಟೆ ಒಳಗೆ ಹೋಯ್ತು, ಕೇಳಿಸ್ತು," ಎಂದಳು. ಎಲ್ಲ ಉತ್ತರಗಳ ಮುಂದೆಯೂ ಉಸಿರೆಳೆದೆ. "ಮೂರನೇದು ಉದ್ದ ಇತ್ತು," ಎಂದಳು. ಇಷ್ಟು ಚೆನ್ನಾಗಿ ಕೇಳುವ ಕಿವಿ ನಮ್ಮ ಮೇಳದಲ್ಲಿ ಒಬ್ಬರಿಗೂ ಇಲ್ಲ. ಕಡೆಗೆ ಜಪಮಣಿ ತೆಗೆದುಕೊಂಡೆ. ಒಂದು ಉತ್ತರಕ್ಕೆ ಒಂದು ಮಣಿ, ಕಣ್ಣನ್ನು ಅಕ್ಷರದ ಮೇಲಿಟ್ಟು ಮನಸ್ಸನ್ನು ಮಣಿಯ ಮೇಲಿಟ್ಟು ಓದಿದೆ. ಅವಳು ತಲೆ ಓರೆ ಮಾಡಿ ಕೇಳಿ ಕೇಳಿ, "ಈಗ ಏನೂ ಇಲ್ಲ" ಎಂದಳು.

ಅಲ್ಲಿಂದ ನಾಲ್ಕು ವಾರ ದಿನಾ ಸಂಜೆ ಓದಿದೆವು. ಪಾಠವನ್ನು ನಾನು ಗಟ್ಟಿಯಾಗಿ ಓದುವುದು, ಅವಳು ಏನಾದರೂ ಹೆಚ್ಚುತ್ತ ಕೇಳುವುದು. ಕೈ ಸುಮ್ಮನಿದ್ದರೆ ಅವಳ ತಲೆಗೆ ಏನೂ ಇಳಿಯುವುದಿಲ್ಲ, ಇದು ನನಗೆ ಆರು ವರ್ಷದ ಕೆಲಸದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಉತ್ತರದಿಂದ ದಕ್ಷಿಣಕ್ಕೆ ರೈಲುದಾರಿ ಕೂಡಿದ ವರ್ಷವೇ ನಿನ್ನ ಗಂಡನ ಮುತ್ತಜ್ಜಿ ಹುಟ್ಟಿದ್ದಂತೆ, ಅಜ್ಜಿ ಒಲೆಯ ಪಕ್ಕದಿಂದ ಹೇಳಿದರು. ಅದನ್ನು ಅವಳು ಮತ್ತೆ ಮರೆಯಲೇ ಇಲ್ಲ. ಮನೆಯಲ್ಲೇ ಪರೀಕ್ಷೆ ಮಾಡಿದೆವು. ಇಪ್ಪತ್ತೆಂಟು ಬಂತು. ಆಮೇಲೆ ಮೂವತ್ತಾರು. ಮೂವತ್ತಾರು ಬಂದ ದಿನ ಅವಳು ಚಾಕು ಕೆಳಗಿಟ್ಟು, "ಇದು ನಂದೇ ಅಲ್ವಾ? ಪೂರ್ತಿ ನಂದೇ?" ಎಂದು ಕೇಳಿ ಕುಣಿದಳು. ಎಪ್ಪತ್ತೆರಡು ಬಂದಾಗ ಅವಳು ಕುಣಿದಿರಲಿಲ್ಲ. ಆಗ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಮೇ ಕೊನೆಯ ಪರೀಕ್ಷೆಯಲ್ಲಿ ಮಣಿ ಹಿಡಿದೇ ಓದಿದೆ. ಇಂಥ ಮಕ್ಕಳಿಗೆ ಶಾಲೆಯವರು ಬೇರೆಯಾಗಿ ಮಾಡುವ ಕಲಿಕೆಯ ಯೋಜನೆಯಲ್ಲಿ ಅವಳಿಗೆ ಪಾಸಾಗಲು ಐವತ್ತು ಎಂದು ಬರೆದಿದೆ. ಭಾಷೆಯಲ್ಲಿ ಐವತ್ತಮೂರು ಬಂತು. ಇತಿಹಾಸದಲ್ಲಿ ನಲವತ್ತನಾಲ್ಕು. ಅದಕ್ಕೇ ಖಾಲಿ ಕವರು.

ಮರುಪರೀಕ್ಷೆ ಇದೇ ಹತ್ತೊಂಬತ್ತನೇ ತಾರೀಖು ಆಯಿತು. ಪಕ್ಕದ ಕೋಣೆಯಲ್ಲಿ ವೇಯ್ ಮೇಷ್ಟ್ರು ಬೇರೆ ಮಕ್ಕಳಿಗೆ ಓದುತ್ತಿದ್ದರು. ನಾವಿಬ್ಬರೂ ಕೋಣೆ ಬದಲಾಯಿಸಿಕೊಳ್ಳೋಣ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಅವಳು ಪಾಸಾಗುವ ಹೊತ್ತಿಗೆ ಎದುರಿಗೆ ನಾನೇ ಇರಬೇಕು ಎಂಬ ಆಸೆ. ಇಷ್ಟಾದ ಮೇಲೂ ಆ ಆಸೆ ಹೋಗಿರಲಿಲ್ಲ ನೋಡು.

ಇಪ್ಪತ್ತೈದು ಪ್ರಶ್ನೆ, ಒಂದಕ್ಕೆ ನಾಲ್ಕು ಅಂಕ. ಹದಿಮೂರು ಸರಿಯಾಗಬೇಕು. ಉತ್ತರದ ಹಾಳೆ ನೋಡಬಾರದೆಂಬ ನಿಯಮವನ್ನು ಮೊದಲು ಮುರಿದೆ. ಓರೆಗಣ್ಣಿನಲ್ಲಿ ಎಣಿಸುತ್ತ ಹೋದೆ. ಇಪ್ಪತ್ತನಾಲ್ಕು ಮುಗಿದಾಗ ಹನ್ನೆರಡು ಸರಿ ಇದ್ದವು. ಉಳಿದದ್ದು ಒಂದು. ಅದು ರೈಲುದಾರಿಯ ಪ್ರಶ್ನೆ. ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತೆಂದು ನನಗೆ ಗೊತ್ತಿತ್ತು. ಸುಮ್ಮನೆ ಓದಿದ್ದರೆ ಸಾಕಿತ್ತು, ಆ-ಲಿಯೆನ್. ಅದೊಂದು ಸಲ ಮಾತ್ರ ನನ್ನ ಉಸಿರು ಜಾರಿತು.

ಅವಳ ಪೆನ್ಸಿಲ್ ಹಾಳೆಯ ಹತ್ತಿರ ಹೋಗಿ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು. ಎರಡನೇ ಸಲ ಓದಿ ಎಂದು ಕೇಳಲಿಲ್ಲ. ಗುರುತು ಹಾಕದೆ ಹಾಳೆಯನ್ನು ಮಗುಚಿಟ್ಟು, ಪೆನ್ಸಿಲನ್ನು ಅದರ ಮೇಲಿಟ್ಟು, ಗಂಟೆ ಹೊಡೆಯುವವರೆಗೂ ಕೈ ಕಟ್ಟಿ ಕೂತಳು.

ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು. ನಾನು ಹೋಗಿ ಕೂಗಾಡಿದೆ. ಗೊತ್ತಿತ್ತಲ್ಲೇ, ಅಜ್ಜಿ ಹೇಳಿದ್ದಲ್ಲವೇ, ಯಾಕೆ ಹಾಕಲಿಲ್ಲ ಎಂದು. ಅವಳು ನಲ್ಲಿ ನಿಲ್ಲಿಸಿದಳು. "ಗೊತ್ತಿತ್ತು ಅನ್ಸತ್ತೆ. ಆಮೇಲೆ ನೀವು ಉಸಿರೆಳೆದ್ರಿ. ಆಮೇಲೆ ನಂಗೆ ಗೊತ್ತಿತ್ತಾ, ಇಲ್ಲ ಕೇಳಿಸ್ತಾ ಅಂತ ಗೊತ್ತಾಗ್ಲಿಲ್ಲ. ಕೇಳಿಸಿದ್ದನ್ನ ಬರೆಯಲ್ಲ ಅಂತ ಅಂದ್ಕೊಂಡಿದ್ದೆ ಚಿಕ್ಕಮ್ಮ. ನೀವೇ ಹಾಳು ಮಾಡಿದ್ರಿ." ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಲವತ್ತೆಂಟು ಬಂತು.

ಈಗ ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಹೇಳಲೇ? ಎರಡು ವರ್ಷದ ಸುಳ್ಳು, ಹುಡುಗಿಗೆ ಮೊದಲೂ ತಲೆ ಇರಲಿಲ್ಲ, ಈಗಲೂ ಇಲ್ಲ, ಸಾಕು ಎಂದು. ಹಾಗೆ ಯೋಚಿಸಬೇಡ. ಸುಳ್ಳಾಗಿದ್ದು ಎಪ್ಪತ್ತೆರಡು. ಈ ನಲವತ್ತೆಂಟು ಅವಳದು. ಇಪ್ಪತ್ತನಾಲ್ಕರಿಂದ ನಲವತ್ತೆಂಟರವರೆಗೆ ಅವಳು ಎರಡು ತಿಂಗಳೊಳಗೆ ನಡೆದು ಬಂದಿದ್ದಾಳೆ, ಚಾಕು ಕೈಯಲ್ಲಿ ಹಿಡಿದು, ಯಾರ ಉಸಿರೂ ಇಲ್ಲದೆ. ನೀನು ಅವಳನ್ನು ಸೋಮಾರಿ ಅಂದದ್ದು ತಪ್ಪೆಂದು ಅಮ್ಮನ ಮುಂದೆ ಹೇಳಿದ್ದೆಯಲ್ಲ, ಆ ಮಾತು ಸರಿಯಾದ ಮಾತೇ. ಅಂಕ ತಪ್ಪಿತ್ತು ಅಷ್ಟೇ. ಮಾತನ್ನು ಹಿಂದೆ ತೆಗೆದುಕೊಳ್ಳಬೇಡ.

ಸಹಿ ಹಾಕು. ಬೇಸಿಗೆ ತರಗತಿಗೆ ನಾನು ಅವಳ ಪಕ್ಕ ಕೂರುವುದಿಲ್ಲ. ಆಗಸ್ಟ್ ಪರೀಕ್ಷೆಗೆ ವೇಯ್ ಮೇಷ್ಟ್ರೇ ಓದುತ್ತಾರೆ, ಫಾಂಗ್ ಟೀಚರ್ ಹತ್ತಿರ ಬರೆಸಿಕೊಂಡು ಬಂದಿದ್ದೇನೆ. ಇನ್ನು ಮೇಲೆ ಯಾವ ಮಗುವಿಗೂ ನಾನು ಪ್ರಶ್ನೆಪತ್ರಿಕೆ ಓದುವುದಿಲ್ಲ. ಗಾಲಿಕುರ್ಚಿ ತಳ್ಳುತ್ತೇನೆ, ಶೌಚಕ್ಕೆ ಕರೆದೊಯ್ಯುತ್ತೇನೆ, ಅದಕ್ಕೆ ದನಿ ಬೇಡ. ಹಿಂದಿನ ಎರಡು ವರ್ಷದ ಅಂಕಗಳ ಬಗ್ಗೆ ಟೀಚರ್ ಇನ್ನೂ ಕೇಳಿಸಿಕೊಂಡಿಲ್ಲ ಎಂದೇ ಹೇಳುತ್ತಾರೆ. ಅವರ ಮುಖ ನೋಡಿದರೆ ಮತ್ತೆ ಬಾಯಿ ತೆರೆಯಲು ನನಗೆ ಆಗುತ್ತಿಲ್ಲ. ಆ ಭಾರ ನನ್ನ ಮೇಲಿದೆ. ಅದನ್ನು ಇಳಿಸಲು ಯಾವ ದೇವರ ಹತ್ತಿರ ಹೋಗಬೇಕೋ ತಿಳಿಯದು.

ನೀನು ನನ್ನನ್ನು ಬೈಯಬೇಕೆಂದರೆ ಫೋನು ಮಾಡು, ಎತ್ತುತ್ತೇನೆ. ಪೂರ್ತಿ ಬೈಯುವ ತನಕ ಇಡುವುದಿಲ್ಲ. ಅವಳನ್ನು ಬೈಯಬೇಡ. ಒಂದು ಮಾತೂ ಬೇಡ.

ಇವತ್ತು ಪಾಡ್ಯ, ಉಪ್ಪು ಹಾಕಿದ ಅನ್ನ, ಸೊಪ್ಪು ತಿಂದು ಬರೆಯಲು ಕೂತೆ. ಈಗ ಸಂಜೆಯ ಗಂಟೆಗೆ ಹೊತ್ತಾಯಿತು. ಕೈ ನೋಯುತ್ತಿದೆ.

ನಿನ್ನ ಪಕ್ಕದ ಸ್ಟೂಲಿನವಳು,
ಚುಂಗ್-ಹ್ವಾ

ಮರೆತ ಮಾತು: ಅಂಟಿಸುವ ಮುಂಚೆ ಇದನ್ನು ಪೇಶಾನ್‌ಗೆ ಓದಿ ಹೇಳಿದೆ. ಅವಳ ಬಗ್ಗೆ ಬರೆದದ್ದು ಅವಳಿಗೆ ತಿಳಿಯದೆ ಹೋಗಬಾರದಲ್ಲ. ಒಂದು ಸಲ ಉಸಿರು ಜಾರಿತು ಎಂದಿರುವ ಕಡೆ ಕೈ ಅಡ್ಡ ಹಿಡಿದಳು. "ಒಂದಲ್ಲ, ಮೂರು. ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತೈದು. ಜಾರಿದ್ದೂ ಅಲ್ಲ ಚಿಕ್ಕಮ್ಮ, ನೀವೇ ಎಳ್ಕೊಂಡಿದ್ದು. ಮಣಿಗಳನ್ನ ತೊಡೆ ಮೇಲೆ ಬಿಟ್ಟುಬಿಟ್ಟಿದ್ರಿ, ನೋಡಿದೆ." ನಿಜ. ಮೂರನ್ನೂ ಅವಳು ಖಾಲಿ ಬಿಟ್ಟಿದ್ದಾಳೆ. ಮೂರರಲ್ಲಿ ಒಂದಕ್ಕೆ ಗುರುತು ಹಾಕಿದ್ದರೆ ಪಾಸಾಗುತ್ತಿದ್ದಳು. ಹಾಳೆ ಹರಿದು ಹೊಸದಾಗಿ ಬರೆಯುತ್ತೇನೆ ಎಂದೆ, ಬೇಡ, ಕೆಳಗೆ ಸೇರಿಸಿ ಸಾಕು ಎಂದಳು. ಅರ್ಜಿಯಲ್ಲಿ ನೀನು ಸಹಿ ಹಾಕುವ ಜಾಗಕ್ಕೆ ಅವಳೇ ಪೆನ್ಸಿಲಿನಿಂದ ಗುರುತು ಹಾಕಿದ್ದಾಳೆ. ಅದು ತಪ್ಪು ಗೆರೆ. ನಾನು ತಿದ್ದಲಿಲ್ಲ. ನೀನು ಅದರ ಕೆಳಗಿನ ಗೆರೆಯ ಮೇಲೆ ಹಾಕು.